ಸಗಣಿಯಡಿಯ ಕೊಂಬಿನ ಹುಳು
(ಮಾನ್ವಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ನಮ್ಮ ಮಲೆನಾಡಿನ ಬ್ಯಾಣವಾಗಲಿ, ಕೃಷ್ಣಾ-ತುಂಗಭದ್ರೆಯರ ನಡುವಿನ ನಿಮ್ಮ ಎಡೆದೊರೆಯ ಎರೆಹೊಲವಾಗಲಿ, ದನದ ಸಗಣಿಯನ್ನು ಕಡ್ಡಿಯಿಂದ ಎಬ್ಬಿಸಿದರೆ ಕಾಳಿನಷ್ಟು ಗಾತ್ರದ ಕಪ್ಪು ಹುಳುಗಳು ಸರಿದಾಡುತ್ತವೆ. ಎಲ್ಲಕ್ಕೂ ‘ಸಗಣಿ ಹುಳು’ ಎಂದು ಹೆಸರಿಟ್ಟು ನಾವು ಸುಮ್ಮನಾಗಿದ್ದೇವೆ. ಆದರೆ ಇವುಗಳಲ್ಲಿ ಸುರಂಗ ತೋಡಿ ಸಗಣಿಯನ್ನು ಮಣ್ಣಿಗಿಳಿಸುವವು ಬೇರೆ, ಸಗಣಿಯೊಳಗೇ ಉಂಡು ಬೆಳೆಯುವವು ಬೇರೆ. ಈ ಭೇದವನ್ನರಿಯದೆ ಎಷ್ಟು ಹುಳು ಎಣಿಸಿದರೂ ಹೊಲದ ಸ್ಥಿತಿ ತಿಳಿಯದು.

ಮಣ್ಣಿಗಿಳಿಸುವವುಗಳಲ್ಲಿ ಒಂಥೊಫೇಗಸ್ ಎಂಬುದು ದೊಡ್ಡ ಕುಲ. ಗ್ರೀಕ್ ಮೂಲದ ಈ ಹೆಸರಿಗೆ ‘ಸಗಣಿ ತಿನ್ನುವುದು’ ಎಂದರ್ಥ. ಫ್ರಾನ್ಸಿನ ಲಾಟ್ರೇಯ್ 1802ರಲ್ಲಿ ಇಟ್ಟದ್ದು. ಜಗತ್ತಿನಲ್ಲಿ ಇದರ 2000ಕ್ಕೂ ಮಿಕ್ಕಿದ ಪ್ರಭೇದಗಳಿವೆ.

ಗುರುತಿಸಲು ಒಂದು ಭೂತಗನ್ನಡಿ ಸಾಕು. ಹುಳುವನ್ನು ಅಂಗಾತ ಮಲಗಿಸಿ. ನಡುಗಾಲುಗಳ ಬುಡಗಳು ಒಂದರಿಂದೊಂದು ದೂರವಿರಬೇಕು. ಹಿಂಗಾಲಿನ ಕಣಕಾಲ ತುದಿಯಲ್ಲಿ ಒಂದೇ ಮುಳ್ಳಿರಬೇಕು. ಮೇಲಿನಿಂದ ನೋಡಿದಾಗ ಗಟ್ಟಿರೆಕ್ಕೆಗಳು ಕೂಡುವ ಬುಡದಲ್ಲಿ ತ್ರಿಕೋನದ ತುಣುಕು ಕಾಣಬಾರದು. ತ್ರಿಕೋನ ಕಂಡು, ಮುಳ್ಳು ಎರಡಿದ್ದರೆ ಅದು ಅಫೋಡಿಯಸ್ ಬಳಗದ್ದು. ಅವುಗಳಲ್ಲಿ ಹೆಚ್ಚಿನವು ಸಗಣಿಯೊಳಗೇ ವಾಸಿಸುವಂಥವು. ಹತ್ತಿರದ ನೆಂಟ ಕ್ಯಾಕೋಬಿಯಸ್ ಮಾತ್ರ ಮೋಸಗೊಳಿಸುತ್ತದೆ. ಅದರ ಮುಂಗಾಲಿನ ಕಣಕಾಲ ತುದಿ ಕತ್ತರಿಯಿಂದ ಕತ್ತರಿಸಿದಂತೆ ನೇರವಾಗಿರುತ್ತದೆ.

ಪ್ರಭೇದದ ನಿರ್ಣಯ ಇಷ್ಟು ಸುಲಭವಲ್ಲ. ಅನೇಕ ಪ್ರಭೇದಗಳಲ್ಲಿ ಗಂಡಿಗೆ ಕೊಂಬು. ಆದರೆ ಎಲ್ಲ ಗಂಡಿಗೂ ಇಲ್ಲ! ತಾಯಿ ಸುರಂಗದಲ್ಲಿ ಕೂಡಿಟ್ಟ ಸಗಣಿ ಯಥೇಚ್ಛವಾಗಿದ್ದರೆ ಮರಿ ದೊಡ್ಡದಾಗಿ ಬೆಳೆದು ಕೊಂಬು ಪಡೆಯುತ್ತದೆ. ಕಡಿಮೆಯಾದರೆ ಬೋಳಾಗಿಯೇ ಉಳಿಯುತ್ತದೆ. ಕೊಂಬನ್ನೇ ನಂಬಿದವರು ಅಣ್ಣತಮ್ಮಂದಿರನ್ನು ಎರಡು ಪ್ರಭೇದವೆಂದು ಬರೆದಾರು. ಆದ್ದರಿಂದ ತಜ್ಞರು ಸೂಕ್ಷ್ಮದರ್ಶಕದಡಿ ಗಂಡಿನ ಜನನಾಂಗದ ಆಕಾರ ನೋಡುತ್ತಾರೆ. ಆರೋ ಎಂಬ ಕೀಟಶಾಸ್ತ್ರಜ್ಞರ 1931ರ ಗ್ರಂಥ ಇಂದಿಗೂ ಭಾರತದ ಸಗಣಿ ಹುಳುಗಳಿಗೆ ಆಧಾರವೇ, ಆದರೆ ಅದರಲ್ಲಿನ ಹಲವು ಹೆಸರುಗಳು ಬದಲಾಗಿವೆ. ಆಸ್ಟ್ರೇಲಿಯಾ ತನ್ನ ಹುಲ್ಲುಗಾವಲಿನಲ್ಲಿ ಕರಗದೆ ಉಳಿದ ಸಗಣಿಗಾಗಿ 1968ರಲ್ಲಿ ಬಿಟ್ಟ ‘ಗಜೆಲ್ಲಾ’ ಹುಳು ಆಗ ಒಂಥೊಫೇಗಸ್, ಈಗ ಡಿಜಿಟೊಂಥೊಫೇಗಸ್.

ಇಷ್ಟೆಲ್ಲ ಏತಕ್ಕೆಂದು ರೈತರು ಕೇಳುವುದು ನ್ಯಾಯವೇ. ಜಂತುನಾಶಕವಾಗಿ ದನಕ್ಕೆ ಕೊಡುವ ಐವರ್‌ಮೆಕ್ಟಿನ್ ಸಗಣಿಯಲ್ಲಿ ಹೊರಬಂದು ಹುಳುವಿನ ಮರಿಗಳನ್ನು ಕೊಲ್ಲುತ್ತದೆ. ದೊಡ್ಡ ಹುಳುಗಳು ಹೊರಗಿನಿಂದ ಹಾರಿಬರುತ್ತಲೇ ಇರುವುದರಿಂದ ನಷ್ಟ ಕಣ್ಣಿಗೆ ಬೀಳದು. ಯಾವ ಪ್ರಭೇದ ಎಷ್ಟಿತ್ತು ಎಂಬ ಲೆಕ್ಕವಿದ್ದರೆ ಮಾತ್ರ ಕುಸಿತ ಗೊತ್ತಾದೀತು. ಮದ್ದು ಬೇಡವೆನ್ನುತ್ತಿಲ್ಲ, ಪಶುವೈದ್ಯರನ್ನು ಕೇಳಿ, ಅಗತ್ಯವಿದ್ದ ದನಕ್ಕಷ್ಟೇ ಕೊಡಿಸಿ.

ವಿದ್ಯಾರ್ಥಿಗಳು ಮುಂಗಾರಿನ ಮೊದಲ ಮಳೆಯ ನಂತರ ಒಂದು ಡಬ್ಬಿಯನ್ನು ಬಾಯಿ ನೆಲಮಟ್ಟಕ್ಕೆ ಬರುವಂತೆ ಹೂಳಿ, ಮೇಲೆ ಬಟ್ಟೆಯಲ್ಲಿ ಕಟ್ಟಿದ ಸಗಣಿಯುಂಡೆ ತೂಗುಬಿಡಿ. ಮರುದಿನ ಬಿದ್ದಿರುವ ಹುಳುಗಳನ್ನು ಸ್ಪಿರಿಟ್ಟಿಗೆ ಹಾಕಿ, ದಿನಾಂಕ, ಊರು, ಮಣ್ಣು, ಸಗಣಿ ಎಮ್ಮೆಯದೋ ಹಸುವಿನದೋ ಎಂದು ಚೀಟಿ ಬರೆದು ಶೀಶೆಯೊಳಗೇ ಇಡಿ. ಪೆನ್ಸಿಲ್ಲಿನಲ್ಲೇ ಬರೆಯಿರಿ; ಪೆನ್ನಿನ ಶಾಯಿ ಸ್ಪಿರಿಟ್ಟಿನಲ್ಲಿ ಕರಗಿಹೋಗುತ್ತದೆ.