ಬಿಸ್ಮತ್ ಎಂಬ ನಿಧಾನಿ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಭೌತಶಾಸ್ತ್ರ ಕಲಿಸುವುದು ನನ್ನ ವೃತ್ತಿ. ಆದ್ದರಿಂದ ಇಂದು ಒಂದು ಲೋಹದ ಕಥೆ ಹೇಳುತ್ತೇನೆ. ಅದರ ಹೆಸರು ಬಿಸ್ಮತ್. ಹೊಟ್ಟೆಹುಣ್ಣಿನ ಕೆಲವು ಔಷಧಿಗಳಲ್ಲಿ ಅದರ ಸಂಯುಕ್ತಗಳಿರುತ್ತವೆ.

ನಾವು ಓದುವಾಗ ಬಿಸ್ಮತ್ ಅತ್ಯಂತ ಭಾರವಾದ ಸ್ಥಿರ ಧಾತು ಎಂದು ಕಲಿತೆವು. ಅದರ ನ್ಯೂಕ್ಲಿಯಸ್‌ನಲ್ಲಿ 83 ಪ್ರೋಟಾನ್, 126 ನ್ಯೂಟ್ರಾನ್. ಅದಕ್ಕಿಂತ ಭಾರವಾದ ಯುರೇನಿಯಂ, ಥೋರಿಯಂ, ರೇಡಿಯಂ ಎಲ್ಲವೂ ತಾವಾಗಿಯೇ ಕ್ಷಯಿಸುತ್ತವೆ. ಬಿಸ್ಮತ್ ಮಾತ್ರ ಗಟ್ಟಿ ಎಂಬುದು ನಂಬಿಕೆ.

ಆದರೆ ಲೆಕ್ಕ ಬೇರೆಯೇ ಹೇಳುತ್ತಿತ್ತು. ನ್ಯೂಕ್ಲಿಯಸ್‌ನಿಂದ ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಒಟ್ಟಾಗಿ ಹೊರಬಂದರೆ ಅದು ಆಲ್ಫಾ ಕಣ. ಸುತ್ತಲಿನ ಗೋಡೆಯನ್ನು ಹತ್ತಿ ದಾಟುವ ಶಕ್ತಿ ಅದಕ್ಕಿಲ್ಲ. ಆದರೂ ಗೋಡೆಯನ್ನು ತೂರಿ ಬರುವ ಸಣ್ಣ ಸಂಭವವಿದೆ ಎಂದು 1928ರಲ್ಲಿ ಜಾರ್ಜ್ ಗ್ಯಾಮೊ ವಿವರಿಸಿದರು. ಬಿಸ್ಮತ್‌ನಲ್ಲಿ ಆ ಸಂಭವ ತೀರಾ ಕಡಿಮೆ, ಆದರೆ ಸೊನ್ನೆಯಲ್ಲ.

2003ರಲ್ಲಿ ಫ್ರಾನ್ಸ್‌ನ ಓರ್ಸೆಯ ವಿಜ್ಞಾನಿಗಳು ಅದನ್ನು ಹಿಡಿದರು. ಬಿಸ್ಮತ್ ಇರುವ ಹರಳುಗಳನ್ನು ಪರಮ ಶೂನ್ಯಕ್ಕಿಂತ ಒಂದು ಡಿಗ್ರಿಯ ಐವತ್ತನೇ ಒಂದು ಭಾಗದಷ್ಟೇ ಮೇಲೆ ತಂಪಾಗಿಟ್ಟರು. ಆಲ್ಫಾ ಕಣ ಹೊರಟಾಗಲೆಲ್ಲ ಹರಳಿನಲ್ಲಿ ಒಂದು ಕಿರುಮಿಂಚು, ಒಂದಿಷ್ಟು ಬಿಸಿ. ಬಿಸ್ಮತ್ ಹೀಗೆ ಥ್ಯಾಲಿಯಂ ಆಗುತ್ತದೆ. ಅರ್ಧದಷ್ಟು ಪರಮಾಣುಗಳು ಕ್ಷಯಿಸಲು ಬೇಕಾದ ಕಾಲ, ಅಂದರೆ ಅರ್ಧಾಯು, 19ರ ಮುಂದೆ 18 ಸೊನ್ನೆ ಇಟ್ಟಷ್ಟು ವರ್ಷ! ವಿಶ್ವದ ವಯಸ್ಸೇ ಸುಮಾರು 1380 ಕೋಟಿ ವರ್ಷ. ಇದು ಅದರ ನೂರು ಕೋಟಿ ಪಟ್ಟಿಗೂ ಹೆಚ್ಚು. ಹೀಗಾಗಿ ಆ ಔಷಧಿ ನುಂಗಲು ವಿಕಿರಣದ ಭಯ ಬೇಡ.

ಅಷ್ಟು ಕಾಲ ಯಾರು ಕಾದರು ಎಂದು ಮಕ್ಕಳು ಕೇಳಬೇಕು. ಒಬ್ಬ ಮನುಷ್ಯ ಯಾವಾಗ ಸೀನುತ್ತಾನೆಂದು ಹೇಳಲಾಗದು. ಜಾತ್ರೆಯ ನಡುವೆ ನಿಂತರೆ ಸೀನು ಕೇಳುತ್ತಲೇ ಇರುತ್ತದೆ. 209 ಗ್ರಾಂ ಬಿಸ್ಮತ್‌ನಲ್ಲಿ 6ರ ಮುಂದೆ 23 ಸೊನ್ನೆಯಷ್ಟು ಪರಮಾಣುಗಳಿವೆ. ಹಾಗಾಗಿ ದಿನಕ್ಕೆ ಸುಮಾರು 60 ಕ್ಷಯಿಸುತ್ತವೆ. ಯಾವುದು ಎಂದು ಹೇಳಲಾಗದು, ಎಷ್ಟು ಎಂದು ಹೇಳಬಹುದು. ವಿಕಿರಣಪಟುತ್ವದ ತಿರುಳೇ ಇದು.

ಗುರುಗಳಲ್ಲಿ ನನ್ನ ವಿನಂತಿ ಒಂದೇ. ಪಠ್ಯದಲ್ಲಿ 'ಸ್ಥಿರ' ಎಂದಿರುವುದನ್ನು ಕಲಿಸಿ. ಅದು ಗೊತ್ತಾದದ್ದು ಹೇಗೆ ಎಂದು ಮಗು ಕೇಳಿದರೆ ಕೂರಿಸಬೇಡಿ. ಆ ಪ್ರಶ್ನೆಯೇ ಬಿಸ್ಮತ್‌ನ ಪಟ್ಟವನ್ನು ಸೀಸಕ್ಕೆ ಕೊಡಿಸಿತು.

ನಮ್ಮ ಶಾಲೆ ನೂರರ ಸಂಭ್ರಮವನ್ನೂ ಕಾಣಲಿ.