ಮನವಿ ಪತ್ರವೂ ಮಾತುಕತೆಯ ಮೇಜೂ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



‘ಶಾಲೆ ನನಗೆ ಕೊಟ್ಟದ್ದು’ ಎಂಬ ವಿಷಯದ ಮೇಲೆ ಮಾತಾಡಬೇಕೆಂದು ಸಂಘಟಕರು ಹೇಳಿದ್ದಾರೆ. ಶಾಲೆ ಕೊಟ್ಟದ್ದು ಎಂದರೆ ಶಿಕ್ಷಕರು ಕೊಟ್ಟದ್ದು. ಆ ಶಿಕ್ಷಕರಿಗೆ ಸಿಗಬೇಕಾದದ್ದು ಹೇಗೆ ಸಿಕ್ಕಿತು, ಅವರು ಯಾರ ಹತ್ತಿರ ಕೇಳಿದರು ಎಂದು ನಾವು ವಿಚಾರಿಸಿದ್ದು ಕಡಿಮೆ. ಇಂದು ಅದನ್ನೇ ಮಾತಾಡುತ್ತೇನೆ. ಕೊನೆಯಲ್ಲಿ ನಮ್ಮ ಹಳೆ ವಿದ್ಯಾರ್ಥಿ ಸಂಘದ ಮುಂದೆ ಒಂದು ಕೋರಿಕೆಯನ್ನೂ ಇಡುತ್ತೇನೆ.

2003ರಲ್ಲಿ ನಾನು ಹತ್ತನೇ ತರಗತಿ. ಒಂದು ದಿನ ನಮ್ಮ ಸಮಾಜ ಮಾಷ್ಟ್ರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ತರಗತಿಗೆ ಬಂದರು. ಯಾರೋ ತೀರಿಕೊಂಡಿರಬೇಕೆಂದು ನಾವು ಗಲಾಟೆ ಮಾಡದೆ ಕೂತೆವು. ಕೊನೆಗೆ ಹಿಂದಿನ ಬೆಂಚಿನವನೊಬ್ಬ ಕೇಳಿಯೇ ಬಿಟ್ಟ: “ಸರ್, ಯಾರು ಹೋದದ್ದು?”

ಮಾಷ್ಟ್ರು ನಕ್ಕರು. “ಯಾರೂ ಹೋಗಲಿಲ್ಲ ಮಾರಾಯ. ಸಂಘದಿಂದ ಕೊಟ್ಟ ಮನವಿಗೆ ಉತ್ತರ ಬರಲಿಲ್ಲ, ಅದಕ್ಕೆ.” ಅಷ್ಟು ಹೇಳಿ ಪಾಠ ಶುರುಮಾಡಿದರು.

ಸಂಜೆ ಮನೆಯಲ್ಲಿ ಇದನ್ನು ಹೇಳಿದೆ. ಅಪ್ಪ ಬಂದರಿನಲ್ಲಿ ಕೆಲಸಕ್ಕಿದ್ದರು. ಅವರು ತುಳುವಿನಲ್ಲಿ ಹೇಳಿದ್ದರ ಸಾರ ಇಷ್ಟು: “ನಮ್ಮಲ್ಲಿ ಮನವಿ ಕೊಟ್ಟು ಕಾಯುವುದಲ್ಲ. ಎದುರುಬದುರು ಕೂತು ಮಾತಾಡುವುದು, ಆಮೇಲೆ ಇಬ್ಬರೂ ಸಹಿ ಹಾಕುವುದು.”

ಆಗ ನನಗೆ ಅರ್ಥವಾಗಲಿಲ್ಲ. ಈಗ ಆಗುತ್ತದೆ. ನಮ್ಮ ಬಂದರೂ ನಮ್ಮ ಶಾಲೆಯೂ ಹೆಚ್ಚುಕಡಿಮೆ ಒಂದೇ ಪ್ರಾಯದವು. ನವ ಮಂಗಳೂರು ಬಂದರು ಉದ್ಘಾಟನೆಯಾದದ್ದು 1975ರ ಜನವರಿಯಲ್ಲಿ. ಒಂದೇ ಊರಿನ ಈ ಎರಡು ಗೇಟುಗಳ ಒಳಗೆ ಕೆಲಸಗಾರ ತನ್ನ ಪಾಲು ಕೇಳುವ ಕ್ರಮ ಮಾತ್ರ ಬೇರೆಬೇರೆ. ದೇಶದ ದೊಡ್ಡ ಬಂದರುಗಳ ಕಾರ್ಮಿಕರ ಸಂಬಳವನ್ನು ಕಾರ್ಮಿಕ ಒಕ್ಕೂಟಗಳೂ ಬಂದರು ಆಡಳಿತಗಳ ಸಂಘವೂ ಮಾತುಕತೆಯಿಂದ ತೀರ್ಮಾನಿಸುತ್ತವೆ. ಕಳೆದ ಬಾರಿ ಮಾತುಕತೆ ಎಳೆದು, 2024ರ ಆಗಸ್ಟ್ 28ರಿಂದ ಮುಷ್ಕರವೆಂದು ಘೋಷಣೆಯಾಗಿತ್ತು. ಹಿಂದಿನ ದಿನ ದೆಹಲಿಯಲ್ಲಿ ಒಪ್ಪಂದವಾಯಿತು. ಶೇ. 8.5ರ ಹೆಚ್ಚಳ, 2022ರಿಂದ 2026ರವರೆಗಿನ ಐದು ವರ್ಷಕ್ಕೆ. ಹಡಗು ನಿಲ್ಲಲಿಲ್ಲ. ಇದಕ್ಕೆ ಸಾಮೂಹಿಕ ಚೌಕಾಸಿ ಎನ್ನುತ್ತಾರೆ.

ಶಿಕ್ಷಕರಿಗೆ ಇಂಥ ಮೇಜು ಯಾಕಿಲ್ಲ? ಕಾನೂನಿನ ದಾರಿಯೇ ಸ್ವಲ್ಪ ವಿಚಿತ್ರ. 1978ರಲ್ಲಿ ಬೆಂಗಳೂರು ಜಲಮಂಡಳಿಯ ಪ್ರಸಿದ್ಧ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ‘ಉದ್ಯಮ’ ಎಂಬ ಪದವನ್ನು ವಿಶಾಲವಾಗಿ ಅರ್ಥೈಸಿ, ಶಿಕ್ಷಣ ಸಂಸ್ಥೆಗಳನ್ನೂ ಅದರಲ್ಲಿ ಸೇರಿಸಿತು. ಆದರೆ 1988ರಲ್ಲಿ, ಗೋವಾದ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ, ಶಿಕ್ಷಕರು ಕೈಗಾರಿಕಾ ವಿವಾದಗಳ ಕಾಯ್ದೆಯ ಅರ್ಥದಲ್ಲಿ ‘ಕಾರ್ಮಿಕರು’ ಅಲ್ಲ ಎಂದು ಅದೇ ನ್ಯಾಯಾಲಯ ಹೇಳಿತು. ಶಾಲೆ ಉದ್ಯಮವಾಯಿತು, ಅದರಲ್ಲಿ ಪಾಠ ಮಾಡುವವರು ಕಾರ್ಮಿಕರಾಗಲಿಲ್ಲ. ನಮ್ಮ ಮಾಷ್ಟ್ರು ಕಪ್ಪು ಪಟ್ಟಿ ಕಟ್ಟಿದ 2003ರಲ್ಲೇ ತಮಿಳುನಾಡಿನಲ್ಲಿ ಮುಷ್ಕರ ಹೂಡಿದ ಶಿಕ್ಷಕರೂ ಸೇರಿ ಒಂದೂವರೆ ಲಕ್ಷಕ್ಕೂ ಹೆಚ್ಚು ಸರ್ಕಾರಿ ನೌಕರರನ್ನು ವಜಾ ಮಾಡಲಾಯಿತು. ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕಿಲ್ಲ ಎಂದು ಆಗ ತೀರ್ಪು ಬಂತು. ಸಂಘ ಕಟ್ಟುವ ಹಕ್ಕು ಸಂವಿಧಾನದಲ್ಲಿದೆ. ಸಂಘದ ಮಾತಿಗೆ ಎದುರಿನವರು ಕೂತು ಉತ್ತರಿಸಲೇಬೇಕೆಂಬ ನಿಯಮ ಮಾತ್ರ ಶಿಕ್ಷಕರ ಪಾಲಿಗಿಲ್ಲ.

ಅಮೆರಿಕದಲ್ಲಿ ಊರೂರಿಗೆ ಶಾಲಾ ಮಂಡಳಿ ಇರುತ್ತದೆ. ಅಲ್ಲಿನ ಅನೇಕ ರಾಜ್ಯಗಳಲ್ಲಿ ಮಂಡಳಿಯೂ ಶಿಕ್ಷಕರ ಸಂಘವೂ ಕೂತು ಕರಾರು ಬರೆಯುತ್ತವೆ. 2019ರಲ್ಲಿ ಷಿಕಾಗೋ ಶಿಕ್ಷಕರು ಮುಷ್ಕರ ಮಾಡಿದಾಗ ಮಕ್ಕಳಿಗೆ 11 ದಿನ ಪಾಠ ತಪ್ಪಿತು. ಅದು ಸಣ್ಣ ನಷ್ಟವಲ್ಲ. ಆದರೆ ಆ ಕರಾರಿನಲ್ಲಿ ಸಂಬಳದ ಜೊತೆಗೆ, ಪ್ರತಿ ಶಾಲೆಗೂ ಒಬ್ಬ ದಾದಿ ಬೇಕು, ತರಗತಿಯಲ್ಲಿ ಮಿತಿಮೀರಿ ಮಕ್ಕಳನ್ನು ತುಂಬಬಾರದು ಎಂಬುದೂ ಸೇರಿತು. ತರಗತಿಯಲ್ಲಿ ಎಷ್ಟು ಮಕ್ಕಳಿದ್ದರೆ ಪಾಠ ತಲೆಗೆ ಹತ್ತುತ್ತದೆ ಎಂಬುದು ಶಿಕ್ಷಕರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಮ್ಮಲ್ಲಿ ಸರ್ಕಾರಿ ಶಾಲೆಯ ಮಾಲೀಕರು ಊರಿನಲ್ಲಿಲ್ಲ. ಶಾಲಾಭಿವೃದ್ಧಿ ಸಮಿತಿ ಸಂಬಳ ನಿಗದಿ ಮಾಡುವುದಿಲ್ಲ, ಬಿಇಒ ಅವರೂ ಮಾಡುವುದಿಲ್ಲ. ತೀರ್ಮಾನವೆಲ್ಲ ಬೆಂಗಳೂರಿನದು. ಆದ್ದರಿಂದ ಶಿಕ್ಷಕರು ಬೇರೆ ದಾರಿಗಳನ್ನು ಹಿಡಿದರು. ವಿಧಾನ ಪರಿಷತ್ತಿನಲ್ಲಿ ಶಿಕ್ಷಕರ ಕ್ಷೇತ್ರಗಳು ಏಳಿವೆ. ನಮ್ಮ ಜಿಲ್ಲೆ ನೈಋತ್ಯ ಕ್ಷೇತ್ರಕ್ಕೆ ಸೇರಿದ್ದು. ಅದರಲ್ಲೂ ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನವರಿಗೆ ಮಾತ್ರ ಮತ. ನಮಗೆ ಅ ಆ ಇ ಈ ಕಲಿಸಿದವರಿಗೆ ಇಲ್ಲ. 2007ರಲ್ಲಿ ವರ್ಗಾವಣೆಗೆ ಕಾಯ್ದೆ ಬಂದು, ಯಾರ ಶಿಫಾರಸು ದೊಡ್ಡದು ಎಂಬುದರ ಬದಲು ನಿಯಮ ಮತ್ತು ಕೌನ್ಸೆಲಿಂಗ್ ಬಂತು. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಕೆಲಸಕ್ಕೆ ಹೋಗಲಿಲ್ಲ. ಅದೇ ದಿನ ಶೇ. 17ರ ಮಧ್ಯಂತರ ಪರಿಹಾರದ ಆದೇಶ ಬಂತು, ಮುಷ್ಕರ ಮುಗಿಯಿತು. ಆಮೇಲೆ ಕೆ. ಸುಧಾಕರ ರಾವ್ ಅವರ ಅಧ್ಯಕ್ಷತೆಯ ಏಳನೇ ವೇತನ ಆಯೋಗದ ಶಿಫಾರಸಿನಂತೆ ಶೇ. 27.5ರ ಹೆಚ್ಚಳ 2024ರ ಆಗಸ್ಟ್ 1ರಿಂದ ಜಾರಿಯಾಯಿತು. ಒಗ್ಗಟ್ಟಾಗಿ ಕೇಳಿದ್ದಕ್ಕೆ ಫಲ ಸಿಕ್ಕಿದೆ. ಆದರೂ ಅದು ಬಂದದ್ದು ಆದೇಶವಾಗಿ, ಇಬ್ಬರೂ ಸಹಿ ಹಾಕಿದ ಒಪ್ಪಂದವಾಗಿ ಅಲ್ಲ.

ಇದೆಲ್ಲ ಕಾಯಂ ಶಿಕ್ಷಕರ ಮಾತು. ಈಗ ಇನ್ನೊಬ್ಬರ ವಿಷಯಕ್ಕೆ ಬರುತ್ತೇನೆ.

ನಾನು ಹತ್ತನೇ ತರಗತಿಯಲ್ಲಿದ್ದಾಗ ಗಣಿತದ ಹುದ್ದೆ ಖಾಲಿ ಇತ್ತು. ಊರಿನವರು, ಪೋಷಕರು ಕೈಯಿಂದ ಹಣ ಹಾಕಿ ಒಬ್ಬ ಟೀಚರನ್ನು ನೇಮಿಸಿದರು. ಅವರು ಶಾಲೆ ಬಿಟ್ಟ ಮೇಲೂ ಕೂತು ನಮಗೆ ವರ್ಗ ಸಮೀಕರಣ ಹೇಳಿಕೊಟ್ಟರು. ಗಣಿತದಲ್ಲಿ ನಪಾಸಾಗುವ ಅಂದಾಜಿನಲ್ಲಿದ್ದ ನಾನು ಇಂಜಿನಿಯರಿಂಗಿಗೆ ಹೋದದ್ದು ಅವರಿಂದ. ಮರುವರ್ಷ ಅವರು ಶಾಲೆಯಲ್ಲಿರಲಿಲ್ಲ. ಎಷ್ಟೋ ವರ್ಷದ ಮೇಲೆ ಸುರತ್ಕಲ್ ಪೇಟೆಯಲ್ಲಿ ಸಿಕ್ಕಿದರು. ಮಾತಿನ ನಡುವೆ, ಹಣ ಒಟ್ಟಾಗದೆ ಮೂರು ತಿಂಗಳ ಗೌರವಧನ ಬರಲೇ ಇಲ್ಲ ಎಂದು ತಿಳಿಯಿತು.

“ಕೇಳಬಹುದಿತ್ತಲ್ಲ ಟೀಚರ್?” ಎಂದೆ.

“ಯಾರ ಹತ್ರ ಕೇಳುದು ಮಗಾ? ಹೆಡ್‌ಮಾಷ್ಟ್ರ ಕೈಯಲ್ಲಿಲ್ಲ. ಕೊಡುವವರು ಊರಿನವರು, ಒಳ್ಳೆ ಮನಸ್ಸಿನಿಂದ ಕೊಡುವುದು. ಅವರ ಹತ್ರ ಲೆಕ್ಕ ಕೇಳ್ಲಿಕ್ಕೆ ಆಗ್ತದಾ?”

ಆ ಹಣ ಹಾಕಿದವರಲ್ಲಿ ನನ್ನ ಅಪ್ಪನೂ ಒಬ್ಬರು. ಬಂದರಿನಲ್ಲಿ ಮೇಜಿನ ಎದುರು ಕೂತು ಕೇಳುವ ಹಕ್ಕಿದ್ದ ಮನುಷ್ಯ. ತಾನು ಕೊಡುವವನಾದಾಗ ಎದುರಿಗೆ ಒಂದು ಕುರ್ಚಿ ಇಡಬೇಕೆಂದು ಅವರಿಗೂ ಹೊಳೆಯಲಿಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ. ನಮಗೂ ಹೊಳೆಯದೆ ಹೋಗಬಾರದೆಂದು ಹೇಳುತ್ತಿದ್ದೇನೆ.

ಇಂದು ಸರ್ಕಾರವೇ ಅತಿಥಿ ಶಿಕ್ಷಕರನ್ನು ನೇಮಿಸಿಕೊಳ್ಳುತ್ತದೆ. 2025-26ರ ಬಜೆಟ್ಟಿನಲ್ಲಿ ಅವರ ಗೌರವಧನ 2,000 ರೂಪಾಯಿ ಹೆಚ್ಚಿದೆ. ಆದರೂ ಬೇಸಿಗೆ ರಜೆ ಬಂತೆಂದರೆ ಕೆಲಸವೂ ಇಲ್ಲ, ಹಣವೂ ಇಲ್ಲ. ಅಲ್ಲಿಗೂ ತುಂಬದ ಜಾಗಗಳಿಗೆ ಎಸ್‌ಡಿಎಂಸಿ, ಹಳೆ ವಿದ್ಯಾರ್ಥಿ ಸಂಘಗಳು ಗೌರವ ಶಿಕ್ಷಕರನ್ನು ಇಡುತ್ತವೆ. ನಮ್ಮ ಸಂಘವೂ ಈ ಮಹೋತ್ಸವದ ನಿಧಿಯಿಂದ ಇಬ್ಬರನ್ನು ನೇಮಿಸಲು ಹೊರಟಿದೆ. ಸಂತೋಷ. ಆದರೆ ಅಂದಿನಿಂದ ನಾವು ಬರೀ ದಾನಿಗಳಲ್ಲ, ಮಾಲೀಕರು. ಬೆಂಗಳೂರಿನಲ್ಲಿರುವ ಸರ್ಕಾರವನ್ನು ಮೇಜಿಗೆ ಕರೆತರುವ ಶಕ್ತಿ ನಮಗಿಲ್ಲ. ನಾವೇ ಮೇಜಿಗೆ ಬರಬಹುದು.

ನನ್ನ ಕೋರಿಕೆ ಇದು. ನೇಮಕಕ್ಕೆ ಮೊದಲು ಆ ಇಬ್ಬರನ್ನೂ ಕೂರಿಸಿ, ಮುಖ್ಯೋಪಾಧ್ಯಾಯರ ಮತ್ತು ಒಬ್ಬ ಪೋಷಕರ ಎದುರು ಮಾತಾಡೋಣ. ಎಷ್ಟು ಕೊಡುತ್ತೇವೆಂದು ನಾವು ಹೇಳಿ ಮುಗಿಸುವುದು ಬೇಡ, ಅವರಿಗೆಷ್ಟು ಬೇಕೆಂದೂ ಕೇಳೋಣ. ತಿಂಗಳ ಯಾವ ತಾರೀಕಿಗೆ ಹಣ, ವಾರಕ್ಕೆ ಎಷ್ಟು ಪೀರಿಯಡ್, ಏಪ್ರಿಲ್ ಮೇ ತಿಂಗಳಿಗೆ ಏನು, ತೊಂದರೆಯಾದರೆ ಯಾರಿಗೆ ಹೇಳುವುದು ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕೋಣ. ಹನ್ನೆರಡು ತಿಂಗಳ ಹಣ ಬ್ಯಾಂಕಿನಲ್ಲಿ ಇಟ್ಟ ಮೇಲೆಯೇ ನೇಮಕ ಮಾಡೋಣ. ಜೊತೆಗೆ, ಖಾಲಿ ಹುದ್ದೆಗೆ ಕಾಯಂ ಶಿಕ್ಷಕರು ಬೇಕೆಂದು ಪ್ರತಿ ವರ್ಷ ಇಲಾಖೆಗೆ ಹೋಗಿ ಕೇಳೋಣ. ಇಲ್ಲವಾದರೆ ನಮ್ಮ ಹಣವೇ ಹುದ್ದೆ ಖಾಲಿ ಬಿಡಲು ನೆಪವಾದೀತು.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ವರ್ಷಕ್ಕೊಮ್ಮೆ ಮ್ಯಾನೇಜರ್ ಎದುರು ಒಬ್ಬೊಬ್ಬರೇ ಕೂತು ಸಂಬಳದ ಮಾತಾಡುತ್ತೇವೆ. ಒಬ್ಬನೇ ಕೇಳುವವನ ದನಿ ಎಷ್ಟು ಸಣ್ಣದಾಗುತ್ತದೆ ಎಂದು ನನಗೆ ಗೊತ್ತು. ಅಷ್ಟಾದರೂ ನನ್ನ ಎದುರು ಒಬ್ಬರು ಕೂತಿರುತ್ತಾರೆ. ನನ್ನ ಗಣಿತ ಟೀಚರ್ ಎದುರು ಯಾರೂ ಇರಲಿಲ್ಲ.

ಅವರು ಇಂದು ಸಭೆಯಲ್ಲಿದ್ದಾರೆ, ಮೂರನೇ ಸಾಲಿನಲ್ಲಿ. ಹೆಸರು ಹೇಳಬೇಡ ಎಂದಿದ್ದಾರೆ, ಹೇಳುವುದಿಲ್ಲ. ಟೀಚರ್, ಆ ಕರಾರಿನ ಹಾಳೆಯಲ್ಲಿ ಏನೇನು ಇರಬೇಕೆಂದು ಮೊದಲು ನಿಮ್ಮನ್ನೇ ಕೇಳುತ್ತೇವೆ. ಊಟವಾದ ಮೇಲೆ ಹತ್ತು ನಿಮಿಷ ಕೂರಬೇಕು.