ಯಾವ ಚೀನಕ್ಕೆ ಹೋದರು ನಮ್ಮ ವೈದ್ಯರು?

1938ರ ಸೆಪ್ಟೆಂಬರ್ 1ರಂದು ಮುಂಬಯಿ ಬಂದರಿನಿಂದ ‘ರಾಜಪುತಾನಾ’ ಎಂಬ ಹಡಗಿನಲ್ಲಿ ಐವರು ಭಾರತೀಯ ವೈದ್ಯರು ಚೀನಕ್ಕೆ ಹೊರಟರು. ಅಲಹಾಬಾದಿನ ಮದನಮೋಹನಲಾಲ ಅಟಲ್ ಅವರ ನಾಯಕರು. ಸ್ಪೇನಿನ ಅಂತರ್ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿ ಬಂದವರು. ನಾಗಪುರದ ಚೋಳ್ಕರ್, ಕಲಕತ್ತೆಯ ಬಸು ಮತ್ತು ಮುಖರ್ಜಿ ಅವರ ಜೊತೆಗಾರರು. ಐದನೆಯವರು ಸೊಲ್ಲಾಪುರದ ದ್ವಾರಕಾನಾಥ ಕೋಟ್ನೀಸ್. ವಯಸ್ಸು ಆಗಿನ್ನೂ ಇಪ್ಪತ್ತೇಳು. ಇವರನ್ನು ಕಳಿಸಿದ್ದು ಸರಕಾರವಲ್ಲ, ಕಾಂಗ್ರೆಸ್ಸು. ಚೀನದ ಎಂಟನೆಯ ಮಾರ್ಗಸೇನೆಯ ದಂಡನಾಯಕ ಚೂ ತೆ 1937ರ ನವೆಂಬರಿನಲ್ಲಿ ನೆಹರೂ ಅವರಿಗೆ ಪತ್ರ ಬರೆದು ನೆರವು ಬೇಡಿದ್ದರು. ಹರಿಪುರಾ ಅಧಿವೇಶನದ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ಜನತೆಗೆ ಕರೆ ಕೊಟ್ಟರು. ಮರು ವರ್ಷ ಜುಲೈ 7ರಿಂದ 9ರವರೆಗೆ ಚೀನ ದಿನಗಳನ್ನು ಆಚರಿಸಿ 22,000 ರೂಪಾಯಿ ಕೂಡಿಸಲಾಯಿತು. ತಾನೇ ಪರಾಧೀನವಾಗಿದ್ದ ನಾಡು ಇನ್ನೊಂದು ನಾಡಿನ ಗಾಯ ಕಟ್ಟಲು ಕೈ ಚಾಚಿತ್ತು.

ಈ ಅನುಕಂಪ ತಾನಾಗಿ ಹುಟ್ಟಿದ್ದಲ್ಲ. 1905ರಲ್ಲಿ ಜಪಾನು ರಷ್ಯವನ್ನು ಸೋಲಿಸಿದ ಮೇಲೆ ನಮ್ಮ ವಿದ್ಯಾವಂತರ ಕಣ್ಣಿಗೆ ಅದು ಏಷ್ಯದ ಆದರ್ಶವಾಗಿತ್ತು. 1931ರಲ್ಲಿ ಮಂಚೂರಿಯವನ್ನು ಕಬಳಿಸಿದಾಗ ಆ ಆದರ್ಶಕ್ಕೆ ಮೊದಲ ಬಿರುಕು ಬಿತ್ತು. 1937ರ ಡಿಸೆಂಬರಿನಲ್ಲಿ ನಾನ್‌ಕಿಂಗ್ ನಗರ ಬಿದ್ದು ಅಲ್ಲಿ ನಡೆದ ನರಮೇಧದ ಸುದ್ದಿ ಹೊರಬಂದಾಗ ಅದು ಒಡೆದೇ ಹೋಯಿತು. ಜಪಾನಿನ ಕವಿ ಯೋನೆ ನೊಗುಚಿ 1938ರಲ್ಲಿ ರವೀಂದ್ರರಿಗೆ ಪತ್ರ ಬರೆದು, ತನ್ನ ದೇಶದ ಯುದ್ಧವನ್ನು ಏಷ್ಯದ ಹಿತದ ಹೆಸರಿನಲ್ಲಿ ಸಮರ್ಥಿಸಿದ. ರವೀಂದ್ರರು ಅದನ್ನು ತಿರಸ್ಕರಿಸಿ ಉತ್ತರ ಬರೆದರು. ಕವಿಯ ವಾಣಿ ಸೇನಾಪತಿಗಳ ತುತ್ತೂರಿಯಾದರೆ ಏನಾಗುತ್ತದೆಂಬುದನ್ನು ತಿಳಿಯಬಯಸುವ ಸಾಹಿತ್ಯದ ವಿದ್ಯಾರ್ಥಿಗಳು ಆ ಪತ್ರಗಳನ್ನು ಓದಬೇಕು.

ಆದರೆ ನಮ್ಮ ವೈದ್ಯರು ಸೇವೆ ಸಲ್ಲಿಸಬೇಕಾದ ಚೀನ ಎಂಬುದು ಎಲ್ಲಿತ್ತು? ಭೂಪಟದಲ್ಲಿ ಒಂದೇ ದೇಶ; ನೆಲದ ಮೇಲೆ ಹಲವು. ಚಿಯಾಂಗ್ ಕೈ-ಷೇಕರ ರಾಷ್ಟ್ರೀಯ ಸರಕಾರ ನಾನ್‌ಕಿಂಗಿನಿಂದ ಹಿಂದೆ ಸರಿದು ಕೊನೆಗೆ ಚುಂಗ್‌ಕಿಂಗ್ ಸೇರಿತು. ವಾಯವ್ಯದ ಗುಡ್ಡಗಾಡಿನ ಯೆನಾನಿನಲ್ಲಿ ಮಾವೊ ತ್ಸೆ-ತುಂಗರ ಕಮ್ಯೂನಿಸ್ಟರಿದ್ದರು. ಹತ್ತು ವರ್ಷ ಒಬ್ಬರನ್ನೊಬ್ಬರು ಬೇಟೆಯಾಡಿದ ಈ ಎರಡು ಪಕ್ಷಗಳನ್ನು ಒಂದುಗೂಡಿಸಲು 1936ರ ಡಿಸೆಂಬರಿನಲ್ಲಿ ಸಿಯಾನ್ ನಗರದಲ್ಲಿ ಚಿಯಾಂಗರನ್ನು ಅವರದೇ ದಂಡನಾಯಕರು ಸೆರೆಹಿಡಿಯಬೇಕಾಯಿತು. ಹಾಗೆ ಮೂಡಿದ ಐಕ್ಯ ಪೂರ್ಣ ಮನಸ್ಸಿನದಾಗಿರಲಿಲ್ಲ. 1941ರ ಜನವರಿಯಲ್ಲಿ ಸರಕಾರದ ಸೇನೆ ಕಮ್ಯೂನಿಸ್ಟರ ಹೊಸ ನಾಲ್ಕನೆಯ ಸೇನೆಯ ಮೇಲೆಯೇ ಎರಗಿತು. ಇತ್ತ ಜಪಾನೀಯರು ಗೆದ್ದ ಪ್ರದೇಶದಲ್ಲಿ, ಒಂದು ಕಾಲಕ್ಕೆ ಸುನ್ ಯಾತ್-ಸೆನ್ನರ ಬಲಗೈಯಂತಿದ್ದ ವಾಂಗ್ ಚಿಂಗ್-ವೈ 1940ರಲ್ಲಿ ಅವರ ಕೈಗೊಂಬೆ ಸರಕಾರದ ಮುಖ್ಯಸ್ಥನಾದ.

ವೈದ್ಯರು ಸೆಪ್ಟೆಂಬರ್ 17ರಂದು ಕ್ಯಾಂಟನಿನಲ್ಲಿ ಇಳಿದರು. ಐದು ವಾರ ಕಳೆಯುವುದರೊಳಗೆ ಆ ಬಂದರು ಶತ್ರುವಶವಾಯಿತು. ಅವರು ಹಾಂಕೋವಿಗೆ ಬಂದು ಅಲ್ಲಿಂದ ಮುಂದೆ ಸರಿದರು. ಅಕ್ಟೋಬರಿನಲ್ಲಿ ಹಾಂಕೋವೂ ಬಿತ್ತು. ಯಾಂಗ್‌ಟ್ಸೆ ನದಿಯ ಮೇಲೆ ಕಾರಖಾನೆಗಳ ಯಂತ್ರಗಳು ಪಶ್ಚಿಮಕ್ಕೆ ಸಾಗುತ್ತಿದ್ದವು. ವಿಶ್ವವಿದ್ಯಾಲಯಗಳೂ ಗುಳೆ ಎದ್ದಿದ್ದವು. ಉತ್ತರದ ಮೂರು ವಿದ್ಯಾಪೀಠಗಳ ಅಧ್ಯಾಪಕರು, ವಿದ್ಯಾರ್ಥಿಗಳು ಕುನ್ಮಿಂಗ್ ಸೇರಿ ಒಂದೇ ವಿಶ್ವವಿದ್ಯಾಲಯವಾದರು. ಅವರಲ್ಲಿ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳೊಡನೆ ಕವಿ ವೆನ್ ಯಿ-ತುವೊ ಸಾವಿರ ಮೈಲಿಗೂ ಮಿಕ್ಕ ದಾರಿಯ ಬಹುಪಾಲನ್ನು ನಡೆದೇ ಕ್ರಮಿಸಿದ. ಗೆಲ್ಲುವವರೆಗೆ ಗಡ್ಡ ತೆಗೆಯೆನೆಂದು ಆತ ಹಟ ತೊಟ್ಟಿದ್ದ. ಗೆಲುವು ಬಂತು, ಮರುವರ್ಷವೇ, 1946ರ ಜುಲೈಯಲ್ಲಿ, ಸ್ವದೇಶದವರ ಗುಂಡಿಗೆ ಆತ ಬಲಿಯಾದ. ಜಪಾನೀಯರನ್ನು ತಡೆಯಲೆಂದು ಚಿಯಾಂಗರ ಸೇನೆ 1938ರ ಜೂನಿನಲ್ಲಿ ಹಳದಿ ನದಿಯ ಒಡ್ಡನ್ನು ಒಡೆಯಿತು. ಆ ನೀರಿನಲ್ಲಿ ಮತ್ತು ಅದರ ಹಿಂದೆ ಬಂದ ಹಸಿವು ರೋಗಗಳಲ್ಲಿ ಸತ್ತ ಲಕ್ಷಾಂತರ ರೈತರು ಯಾರಿಗೂ ಶತ್ರುಗಳಾಗಿರಲಿಲ್ಲ.

ಚುಂಗ್‌ಕಿಂಗಿನಲ್ಲಿದ್ದಾಗ ಕೋಟ್ನೀಸರಿಗೆ ತಂದೆ ತೀರಿಕೊಂಡ ಸುದ್ದಿ ಬಂತು. ಊರಿಗೆ ಹೋಗಿ ಬಾ ಎಂದವರಿದ್ದರು; ಅವರು ಹೋಗಲಿಲ್ಲ. 1939ರ ಫೆಬ್ರುವರಿಯಲ್ಲಿ ತಂಡ ಯೆನಾನ್ ತಲುಪಿತು.

ಇಲ್ಲಿ ಸೊಲ್ಲಾಪುರದ ವಿಷಯ ಎರಡು ಮಾತು ಹೇಳಬೇಕು. ಸಿದ್ಧರಾಮ ಶಿವಯೋಗಿ ಕೆರೆ ಕಟ್ಟಿಸಿದ ಸೊನ್ನಲಿಗೆ ಅದು. ಇಂದಿಗೂ ಅಲ್ಲಿನ ಓಣಿಗಳಲ್ಲಿ ಮರಾಠಿ, ತೆಲುಗುಗಳ ಜೊತೆ ನಮ್ಮ ಕನ್ನಡ ಕೇಳಿಸುತ್ತದೆ. ಅದು ಗಿರಣಿಗಳ ಊರೂ ಹೌದು. 1930ರ ಮೇ ತಿಂಗಳಲ್ಲಿ ಅಲ್ಲಿನ ಜನ ಬ್ರಿಟಿಷರ ಆಡಳಿತವನ್ನೇ ಕೆಲದಿನ ಊರ ಹೊರಗಿಟ್ಟರು. ಬೆನ್ನಲ್ಲೇ ಸೈನಿಕ ಶಾಸನ ಬಂತು. 1931ರ ಜನವರಿಯಲ್ಲಿ ಮಲ್ಲಪ್ಪ ಧನಶೆಟ್ಟಿಯವರೂ ಸೇರಿ ನಾಲ್ವರನ್ನು ಗಲ್ಲಿಗೇರಿಸಲಾಯಿತು. ಆಗ ಕೋಟ್ನೀಸರಿಗೆ ಇಪ್ಪತ್ತು ವರ್ಷ. ಸೈನಿಕ ಆಡಳಿತವೆಂದರೇನೆಂದು ಅವರು ಪತ್ರಿಕೆ ಓದಿ ತಿಳಿಯಬೇಕಾಗಿರಲಿಲ್ಲ.

ಯೆನಾನಿನಲ್ಲಿ ಮನೆಗಳೆಂದರೆ ಮಣ್ಣುಗುಡ್ಡದಲ್ಲಿ ಕೊರೆದ ಗವಿಗಳು, ಆಸ್ಪತ್ರೆಯೂ ಗವಿಯೇ. ನಮ್ಮ ಬಂಗೂರನಗರದವರಿಗೆ ಸ್ವಾರಸ್ಯವೆನಿಸುವ ಸಂಗತಿಯೊಂದಿದೆ. ದಿಗ್ಬಂಧನದಿಂದಾಗಿ ಅಲ್ಲಿ ಕಾಗದಕ್ಕೆ ಬರ ಬಂತು. ಕಾಗದವನ್ನು ಲೋಕಕ್ಕೆ ಕಲಿಸಿದ ದೇಶದಲ್ಲಿ ಪತ್ರಿಕೆ ಅಚ್ಚುಹಾಕಲು ಕಾಗದವಿಲ್ಲ! ಕೊನೆಗೆ ಗುಡ್ಡದ ಮೇಲೆ ತಾನಾಗಿ ಬೆಳೆಯುವ ಮಾಲಾನ್ ಎಂಬ ಒರಟು ಹುಲ್ಲನ್ನು ಅರೆದು ಕಾಗದ ಮಾಡಿದರು. ಕಾಳಿಯ ದಡದಲ್ಲಿ ಬಿದಿರು ಕಾಗದವಾಗುವುದನ್ನು ಕಂಡ ನಮಗೆ ಆ ಹುಲ್ಲಿನ ಕಾಗದದ ಬೆಲೆ ಅರ್ಥವಾದೀತು.

ಹಳ್ಳಿಗಳಲ್ಲಿ ನಡೆದ ಬದಲಾವಣೆ ಇನ್ನೂ ದೊಡ್ಡದು. ಐಕ್ಯರಂಗದ ಕಾಲದಲ್ಲಿ ಕಮ್ಯೂನಿಸ್ಟರು ಭೂಮಾಲಿಕರ ಹೊಲಗಳನ್ನು ಕಿತ್ತುಕೊಳ್ಳುವುದನ್ನು ನಿಲ್ಲಿಸಿ, ಗೇಣಿಯನ್ನು ಕಾಲುಭಾಗ ಇಳಿಸುವ, ಬಡ್ಡಿಗೆ ಮಿತಿ ಹಾಕುವ ನೀತಿ ಹಿಡಿದರು. ಗೇಣಿ ಎಂಬ ಶಬ್ದದ ಭಾರವನ್ನು ಉತ್ತರ ಕನ್ನಡದ ಹಿರಿಯರಿಗೆ ನಾನು ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಅದು ಇಳಿದು ಹೋಗಲು 1974ರ ಭೂಸುಧಾರಣೆಯವರೆಗೆ ಕಾಯಬೇಕಾಯಿತು. ಗಾಯಗೊಂಡ ಸಿಪಾಯಿಯನ್ನು ಚೀನದ ರೈತ ತನ್ನ ಮನೆಯಲ್ಲಿ ಅಡಗಿಸಿಟ್ಟನೆಂದರೆ ಅದಕ್ಕೆ ದೇಶಭಕ್ತಿಯೊಂದೇ ಕಾರಣವಲ್ಲ, ಕಣಜದಲ್ಲಿ ಉಳಿದ ಕಾಳೂ ಕಾರಣ.

ಆದರೂ ಯೆನಾನನ್ನು ತಪೋವನವೆಂದು ವರ್ಣಿಸಲು ನನಗೆ ಮನಸ್ಸಿಲ್ಲ. 1942ರ ಮೇ ತಿಂಗಳಲ್ಲಿ ಅಲ್ಲಿ ಮಾವೊ ಸಾಹಿತ್ಯ, ಕಲೆಗಳ ವಿಚಾರವಾಗಿ ಭಾಷಣ ಮಾಡಿ, ಲೇಖಕ ಪಕ್ಷದ ಕೆಲಸಕ್ಕೆ ಒದಗಬೇಕೆಂದು ವಿಧಿಸಿದರು. ಅದೇ ವಸಂತದಲ್ಲಿ ವಾಂಗ್ ಷಿ-ವೈ ಎಂಬ ಲೇಖಕ, ಸಮಾನತೆಯ ಮಾತಾಡುವ ಊರಿನಲ್ಲೂ ಊಟ ಬಟ್ಟೆಗಳಲ್ಲಿ ದರ್ಜೆಗಳಿವೆಯೆಂದು ಬರೆದಿದ್ದ. ಆತನನ್ನು ಸಭೆಗಳಲ್ಲಿ ಖಂಡಿಸಿ, ಸೆರೆಯಲ್ಲಿಟ್ಟು, 1947ರಲ್ಲಿ ಕೊಂದರು. ಮುಂದೆ ಇಡೀ ದೇಶ ಅನುಭವಿಸಿದ್ದರ ಬೀಜ ಆ ಗವಿಗಳಲ್ಲಿಯೇ ಇತ್ತು.

ಕೋಟ್ನೀಸರು ಆ ವೇಳೆಗೆ ಯೆನಾನಿನಲ್ಲಿರಲಿಲ್ಲ. 1940ರಲ್ಲೇ ಅವರು ಜಪಾನೀ ಸೇನೆಯ ಬೆನ್ನ ಹಿಂದಿನ ಷಾನ್ಸಿ-ಚಹಾರ್-ಹೋಪೈ ಪ್ರದೇಶಕ್ಕೆ ಹೋಗಿದ್ದರು. ಒಂದು ಕಾಳಗದ ಹದಿಮೂರು ದಿನಗಳಲ್ಲಿ 800ಕ್ಕೂ ಹೆಚ್ಚು ಗಾಯಾಳುಗಳು ಅವರ ಕೈಗೆ ಬಂದರು. ಕೆನಡದ ವೈದ್ಯ ನಾರ್ಮನ್ ಬೆಥ್ಯೂನ್ 1939ರ ನವೆಂಬರಿನಲ್ಲಿ ಅಲ್ಲಿಯೇ ಮಡಿದಿದ್ದರು. ಅವರ ಹೆಸರಿನ ಆಸ್ಪತ್ರೆಗೆ 1941ರ ಜನವರಿಯಲ್ಲಿ ಕೋಟ್ನೀಸರು ಮುಖ್ಯಸ್ಥರಾದರು. ಆಸ್ಪತ್ರೆಯೆಂದರೆ ಕಟ್ಟಡವಲ್ಲ, ಶತ್ರು ಬಂದಾಗ ಹೇಸರಗತ್ತೆಗಳ ಮೇಲೆ ಹೇರಿಕೊಂಡು ಬೆಟ್ಟ ಹತ್ತುವ ಸಾಮಾನು. ಕೊಲ್ಲು, ಸುಡು, ದೋಚು ಎಂಬುದು ಜಪಾನೀಯರು ಆಗ ಆ ಹಳ್ಳಿಗಳ ಮೇಲೆ ನಡೆಸಿದ ದಂಡಯಾತ್ರೆಯ ಕ್ರಮ. ಕೋಟ್ನೀಸರು ಚೀನೀ ಭಾಷೆ ಕಲಿತು ಅದರಲ್ಲೇ ಪಾಠ ಹೇಳಿದರು, ಶಸ್ತ್ರಚಿಕಿತ್ಸೆಯ ಪಠ್ಯ ಬರೆಯತೊಡಗಿದರು. ಅದು ಮುಗಿಯುವ ಮುನ್ನ, 1942ರ ಡಿಸೆಂಬರ್ 9ರಂದು, ಅಪಸ್ಮಾರದ ಆಘಾತದಿಂದ ತೀರಿಕೊಂಡರು.

ಐದೇ ತಿಂಗಳಿಗೆ, 1943ರ ಮೇ ತಿಂಗಳಲ್ಲಿ, ಅವರನ್ನು ಕಳಿಸಿಕೊಟ್ಟ ಸುಭಾಷರು ಬ್ರಿಟಿಷರ ವಿರುದ್ಧ ನೆರವು ಅರಸಿ ಟೋಕಿಯೊ ತಲುಪಿದರು. ಸ್ವಾತಂತ್ರ್ಯದ ಹಂಬಲ ಒಬ್ಬನೇ ಮನುಷ್ಯನನ್ನು ಐದು ವರ್ಷಗಳ ಅಂತರದಲ್ಲಿ ಎರಡು ದಡಗಳಿಗೆ ಒಯ್ದಿತು. ಇದನ್ನು ಮುಚ್ಚಿಟ್ಟು ಇತಿಹಾಸ ಹೇಳುವುದು ಸಾಧ್ಯವಿಲ್ಲ.

ಇನ್ನೊಂದು ಪ್ರಶ್ನೆ ನಮ್ಮ ಜಿಲ್ಲೆಯದೇ. 1966ರಿಂದ ಮುಂಡಗೋಡದಲ್ಲಿ ಟಿಬೆಟ್ಟಿನ ನಿರಾಶ್ರಿತರು ನೆಲಸಿದ್ದಾರೆ. ಕೋಟ್ನೀಸರು ಯಾವ ಸೇನೆಯ ಗಾಯ ಹೊಲಿದರೋ ಅದೇ ಸೇನೆ ಹೆಸರು ಬದಲಿಸಿ 1950ರಲ್ಲಿ ಟಿಬೆಟ್ಟನ್ನು ಹೊಕ್ಕಿತು. ಹಾಗಾದರೆ ಆ ಹೊಲಿಗೆ ವ್ಯರ್ಥವಾಯಿತೆ? ಮುಂಡಗೋಡದ ಹಿರಿಯ ಭಿಕ್ಷುವೊಬ್ಬ ಹೀಗೆ ಕೇಳಿದರೆ, ಕೇಳುವ ಅಧಿಕಾರ ಆತನಿಗಿದೆ. ನನಗೆ ತೋರುವ ಉತ್ತರ ಇಷ್ಟು: 1940ರಲ್ಲಿ ಹೋಪೈ ಪ್ರಾಂತದ ರೈತನ ಮಗನ ತೊಡೆಯಲ್ಲಿದ್ದ ಗುಂಡಿಗೆ 1950ರ ಲೆಕ್ಕ ಕೇಳಬಾರದು, ಆದರೆ ಆ ಗುಂಡನ್ನು ತೆಗೆದ ಪುಣ್ಯವನ್ನು 1950ರ ಸೇನಾಪತಿಗಳ ಖಾತೆಗೂ ಜಮಾ ಮಾಡಬಾರದು. ಸಮಾರಂಭಗಳಲ್ಲಿ ಮೈತ್ರಿಯ ಮಾತು ಬಂದಾಗಲೆಲ್ಲ ಕೋಟ್ನೀಸರ ಹೆಸರನ್ನು ಮುಂದೊಡ್ಡುವ ರಾಜತಂತ್ರಜ್ಞರು ಈ ಎರಡನೆಯ ಮಾತನ್ನು ಮರೆಯುತ್ತಾರೆ.

ಕೋಟ್ನೀಸರು ಅಲ್ಲಿ ಶುಶ್ರೂಷೆಯ ಅಧ್ಯಾಪಕಿ ಕುವೊ ಚಿಂಗ್-ಲಾನ್ ಅವರನ್ನು ಮದುವೆಯಾಗಿದ್ದರು. 1942ರ ಆಗಸ್ಟ್ 23ರಂದು ಗಂಡುಮಗು ಹುಟ್ಟಿತು. ದಂಡನಾಯಕ ನಿಯೆ ಯುಂಗ್-ಚೆನ್ ಅದಕ್ಕೆ ಯಿನ್-ಹುವಾ ಎಂದು ಹೆಸರಿಟ್ಟರು. ‘ಯಿನ್’ ಎಂದರೆ ಭಾರತ, ‘ಹುವಾ’ ಎಂದರೆ ಚೀನ. ಆ ಹುಡುಗನಿಗೆ ಇಪ್ಪತ್ತು ತುಂಬಿ ಎರಡು ತಿಂಗಳಾಗಿದ್ದಾಗ, 1962ರ ಅಕ್ಟೋಬರಿನಲ್ಲಿ, ಅವನ ಹೆಸರಿನ ಎರಡು ಅಕ್ಷರಗಳ ನಡುವೆ ಯುದ್ಧ ನಡೆಯಿತು. ತಂದೆಯಂತೆ ವೈದ್ಯನಾಗಲು ಓದುತ್ತಿದ್ದ ಅವನು 1967ರಲ್ಲಿ, ಪದವಿ ಕೈಸೇರುವ ಮುನ್ನವೇ ತೀರಿಕೊಂಡ. ತಾಯಿ ಹಲವು ಸಲ ಭಾರತಕ್ಕೆ ಬಂದು ಗಂಡನ ಮನೆಯವರನ್ನು ಕಂಡುಹೋದರು, 2012ರವರೆಗೆ ಬದುಕಿದ್ದರು.